1997ರ ಝೆನ್ ಇಟ್ಕೊಳ್ಳೋದಾ, 2019ರ ಕ್ಯಾಮ್ರಿ ಹೈಬ್ರಿಡ್ ತಗೊಳ್ಳೋದಾ?

ಕಾಫಿ_ಸೀಮೆ

"ಇವೆರಡಕ್ಕೂ ಹೋಲಿಕೆ ಏನ್ರೀ" ಅಂತಲೇ ಮೊದಲ ಉತ್ತರ ಬರುತ್ತೆ, ಗೊತ್ತು. ಆದ್ರೂ ಕೇಳ್ತಿದ್ದೀನಿ. ಅಪಾರ್ಟ್‌ಮೆಂಟಲ್ಲಿ ನನಗಿರೋದು ಒಂದೇ ಪಾರ್ಕಿಂಗ್.

ಒಂದು ಕಡೆ ಅಪ್ಪ ತಗೊಂಡಿದ್ದ 1997ರ ಮಾರುತಿ ಝೆನ್. ಕಾರ್ಬ್ಯುರೇಟರ್ (ಕಂಪ್ಯೂಟರ್ ಇಲ್ಲದೆ ಪೆಟ್ರೋಲು, ಗಾಳಿ ಬೆರೆಸೋ ಹಳೇ ಸಾಧನ) ಎಂಜಿನ್, 993 ಸಿಸಿ, 50 ಬಿಎಚ್‌ಪಿ, ಪವರ್ ಸ್ಟೀರಿಂಗ್ ಇಲ್ಲ. ಎಂಜಿನ್ ಈಗಲೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ. ಫ್ಲೋರ್ ಮಾತ್ರ ಅಲ್ಲಲ್ಲಿ ತುಕ್ಕು. ಆರ್‌ಸಿ 2027ಕ್ಕೆ ಮುಗಿಯುತ್ತೆ.

ಇನ್ನೊಂದು ಕಡೆ 2019ರ ಟೊಯೋಟ ಕ್ಯಾಮ್ರಿ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರೋ ಗಾಡಿ), ಸೆಕೆಂಡ್ ಹ್ಯಾಂಡ್. ಪರಿಚಯದ ಹಿರಿಯರೊಬ್ಬರದ್ದು, ಡ್ರೈವರ್ ಓಡಿಸಿದ ಗಾಡಿ, ಇವರು ಹಿಂದಿನ ಸೀಟಲ್ಲಿ ಪೇಪರ್ ಓದ್ತಾ ಕೂತವರು. ಬಂದಾಗ ಎಕ್ಸ್‌ಶೋರೂಂ 36.95 ಲಕ್ಷ ಇತ್ತು. ಈಗ ಅವರು ಕೇಳ್ತಿರೋ ದುಡ್ಡಿಗೆ ಒಳ್ಳೆ ಹೊಸ ಎಸ್‌ಯುವಿ ಬರುತ್ತೆ. ಆದರೆ ನನಗೆ ಎಸ್‌ಯುವಿ ಬೇಡ, ಆ ಸಲಹೆ ದಯವಿಟ್ಟು ಯಾರೂ ಕೊಡಬೇಡಿ.

ಓಡಾಟ ಇಷ್ಟು: ವಾರವೆಲ್ಲ ಔಟರ್ ರಿಂಗ್ ರೋಡು. ಆಗಾಗ ಹಾಸನ, ಬೇಲೂರು ಮೇಲೆ ಮೂಡಿಗೆರೆ. ಅಲ್ಲಿಂದ ತೋಟದ ಮನೆಗೆ ಸಿಂಗಲ್ ರೋಡು. ಮನೆಯವರನ್ನೆಲ್ಲ ಕರ್ಕೊಂಡು ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗೋದೂ ಇದೆ. ಮಗಳು ಇನ್ನೇನು ಡ್ರೈವಿಂಗ್ ಕಲಿಯೋ ವಯಸ್ಸು.

ಸಿಟಿಗೆ ಸಣ್ಣ ಕಾರು, ಊರಿಗೆ ದೊಡ್ಡ ಕಾರು ಅಂತ ಎಲ್ಲರೂ ಹೇಳೋ ಮಾತು. ನಿಮ್ಮ ಅನುಭವ ಏನು?

ಧಾರವಾಡದಾಂವ

ಇವೆರಡಕ್ಕೂ ಹೋಲಿಕಿ ಏನ್ರೀ?

(ನೀವು ಕಾಯಾಕತ್ತಿದ್ರಿ ಅಂತ ಹೇಳಿದೆ. ಉಳಿದದ್ದು ಊಟಾ ಮಾಡಿ ಬಂದು ಬರೀತೀನಿ.)

ಪಿಸ್ಟನ್_ಮೇಡಂ

ಎಲ್ಲರೂ ಹೇಳೋ ಮಾತನ್ನ ಉಲ್ಟಾ ಮಾಡಿ ನೋಡಿ. ಈ ಎರಡರಲ್ಲಿ ಸಿಟಿ ಕಾರು ಕ್ಯಾಮ್ರಿ. ಹಳ್ಳಿ ಕಾರು ಝೆನ್.

ಝೆನ್ ತೂಕ ಸುಮಾರು ಮುಕ್ಕಾಲು ಟನ್. 2019ರ ಕ್ಯಾಮ್ರಿ 1,600 ಕೆಜಿ ದಾಟುತ್ತೆ. ಎರಡು ಝೆನ್ ತಕ್ಕಡಿಗೆ ಹಾಕಿದ್ರೂ ಅದರ ಸಮ ಬರಲ್ಲ. ಎಂಜಿನ್ 2,487 ಸಿಸಿ, ಅಂದ್ರೆ ಝೆನ್‌ನ ಎರಡೂವರೆ ಪಟ್ಟು. ಇಷ್ಟಿದ್ದೂ ಮಾರತ್ತಹಳ್ಳಿ, ಸಿಲ್ಕ್ ಬೋರ್ಡ್ ಕಡೆ ಲೀಟರಿಗೆ ಹೆಚ್ಚು ಓಡೋದು ಕ್ಯಾಮ್ರಿನೇ. ಎಸಿ ಹಾಕಿದ ಕಾರ್ಬ್ಯುರೇಟರ್ ಝೆನ್ ಜಾಮಲ್ಲಿ 12-13 ಕೊಟ್ರೆ ಪುಣ್ಯ. ಕ್ಯಾಮ್ರಿ ಹೈಬ್ರಿಡ್ ಅದೇ ಜಾಮಲ್ಲಿ 16ರ ಆಸುಪಾಸು ಬರುತ್ತೆ. ಕಂಪನಿ ಹೇಳೋ 23.27 ನಿಜವಾದ ರಸ್ತೇಲಿ ಮರೆತುಬಿಡಿ.

ಯಾಕೆ ಅಂತ ಹೇಳ್ತೀನಿ. ಝೆನ್ 40ರಲ್ಲಿ ಹೋಗ್ತಾ ಸಿಗ್ನಲ್ ಬಿತ್ತು ಅಂದ್ಕೊಳ್ಳಿ. ಆ ವೇಗ ಬರಿಸೋಕೆ ಸುಟ್ಟ ಪೆಟ್ರೋಲೆಲ್ಲ ಬ್ರೇಕ್ ಪ್ಯಾಡಲ್ಲಿ, ಹಿಂದಿನ ಡ್ರಮ್ಮಲ್ಲಿ ಬಿಸಿಯಾಗಿ ಗಾಳಿಗೆ ಹೋಯ್ತು. ನಿಂತಿರೋವಾಗಲೂ ಎಂಜಿನ್ ಓಡ್ತಾನೇ ಇರುತ್ತೆ, ಎಸಿ ಕಂಪ್ರೆಸರ್ ಅದರ ಬೆಲ್ಟಿಗೇ ನೇತಾಡ್ತಿರುತ್ತೆ. ಹಸಿರು ಬಿತ್ತು, ಮತ್ತೆ ಸೊನ್ನೆಯಿಂದ ಶುರು.

ಕ್ಯಾಮ್ರಿಯಲ್ಲಿ ಬ್ರೇಕ್ ಮೆಲ್ಲಗೆ ಒತ್ತಿದ್ರೆ ಪ್ಯಾಡ್ ಹೆಚ್ಚು ಕೆಲಸ ಮಾಡಲ್ಲ. ಚಕ್ರಾನೇ ಮೋಟಾರನ್ನ ತಿರುಗಿಸುತ್ತೆ, ಮೋಟಾರು ಜನರೇಟರ್ ಆಗಿ ಬ್ಯಾಟರಿಗೆ ಕರೆಂಟ್ ತುಂಬುತ್ತೆ. ನಿಂತಾಗ ಎಂಜಿನ್ ಆಫ್. ಎಸಿ ಕಂಪ್ರೆಸರಿಗೆ ಬೆಲ್ಟೇ ಇಲ್ಲ, ಅದೂ ಬ್ಯಾಟರಿಯಲ್ಲೇ ಓಡುತ್ತೆ. ಹೊರಡುವಾಗ ಮೊದಲು ತಳ್ಳೋದು ಮೋಟಾರು. ಎಂಜಿನ್ ಯಾವಾಗ ಬೇಕೋ ಆವಾಗ ಬಂದು ಸೇರ್ಕೊಳ್ಳುತ್ತೆ. ಅದೂ ಅಟ್ಕಿನ್ಸನ್ ಸೈಕಲ್ ಎಂಜಿನ್, ಅಂದ್ರೆ ಜೋರಿಗಿಂತ ಉಳಿತಾಯಕ್ಕೇ ಮಾಡಿದ್ದು. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚೆಂದರೆ 41 ಶೇಕಡಾ ಕೆಲಸಕ್ಕೆ ಬರುತ್ತೆ ಅಂತ ಟೊಯೋಟ ಹೇಳಿಕೊಳ್ಳುತ್ತೆ. ಪೆಟ್ರೋಲ್ ಎಂಜಿನ್ನಿಗೆ ಇದು ಬಹಳ ದೊಡ್ಡ ಮಾತು.

ಖಾಲಿ ಹೈವೇಯಲ್ಲಿ ಇದೇ ಲಾಭ ಅರ್ಧ ಕರಗಿಹೋಗುತ್ತೆ. ಬ್ರೇಕೇ ಹಿಡಿಯದ ಕಡೆ ಬ್ರೇಕಿಂದ ವಾಪಸ್ ಏನು ಬರುತ್ತೆ? ಝೆನ್ 70-75ರಲ್ಲಿ ಟಾಪ್ ಗೇರಲ್ಲಿ ಹೋದ್ರೆ 17-18 ಕೊಡುತ್ತೆ. ಅಲ್ಲಿ ಎರಡೂ ಹತ್ತಿರ ಹತ್ತಿರ. ಟ್ರಾಫಿಕ್ ಹದಗೆಟ್ಟಷ್ಟೂ ಕ್ಯಾಮ್ರಿಗೆ ಅನುಕೂಲ.

ಜೆಸಿರೋಡ್_ಗಿರಾಕಿ

ಮೇಡಂ ಲೆಕ್ಕ ಸರಿ. ಆದ್ರೆ ಗುರು, ಇಬ್ಬರ ಪೆಟ್ರೋಲ್ ಬಿಲ್ಲಿನ ವ್ಯತ್ಯಾಸದಿಂದ ಕ್ಯಾಮ್ರಿ ದುಡ್ಡು ವಾಪಸ್ ಬರೋಕೆ ನಿಮ್ಮ ಮೊಮ್ಮಕ್ಕಳು ಡ್ರೈವಿಂಗ್ ಕಲಿಯೋ ಟೈಮ್ ಬರುತ್ತೆ. ಮೈಲೇಜಿಗೋಸ್ಕರ ಯಾರೂ ಕ್ಯಾಮ್ರಿ ತಗೋಬಾರ್ದು. ಆರಾಮಕ್ಕೆ ತಗೊಳ್ಳಿ, ಒಪ್ತೀನಿ.

ಝೆನ್ ಪರವಾಗಿ ಒಂದೆರಡು ಮಾತು. 1993ರಲ್ಲಿ ಬಂದಾಗ ನಮ್ಮಲ್ಲಿ ಹಂಗೆ ಓಡೋ ಸಣ್ಣ ಕಾರೇ ಇರ್ಲಿಲ್ಲ. ಪೂರ್ತಿ ಅಲ್ಯೂಮಿನಿಯಂ ಎಂಜಿನ್, ಐದು ಗೇರು. ಇದನ್ನೇ ಯುರೋಪಿಗೆ ಸುಜುಕಿ ಆಲ್ಟೋ ಅಂತ ಹೆಸರು ಬದಲಿಸಿ ಕಳಿಸ್ತಿದ್ರು. ಎರಡನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದಾಗ ಅದು ಹಾಡೋದನ್ನ ಕೇಳಿದವನಿಗೆ ಕ್ಯಾಮ್ರಿ ಪವರ್ 218 ಪಿಎಸ್ ಅಂತ ಹೇಳಿ ಹೆದರಿಸೋಕಾಗಲ್ಲ. ಸ್ಟೀರಿಂಗ್ ಭಾರ ಇರೋದು ನಿಂತಲ್ಲಿ ತಿರುಗಿಸುವಾಗ ಮಾತ್ರ. ಇಪ್ಪತ್ತು ದಾಟಿದ ಮೇಲೆ ಟಯರ್ ಕೆಳಗಿನ ಜಲ್ಲಿಕಲ್ಲೂ ಕೈಗೆ ತಿಳಿಯುತ್ತೆ. ಕ್ಯಾಮ್ರಿಯಲ್ಲಿ ಜೋರಾಗಿ ಒತ್ತಿದ್ರೆ ಎಂಜಿನ್ ಒಂದೇ ಸ್ವರದಲ್ಲಿ ಕೂಗುತ್ತೆ, ಕಾರು ಆಮೇಲೆ ಸಾವಕಾಶ ಹಿಂದೆ ಬರುತ್ತೆ.

ಈಗ ಕಷ್ಟದ ಮಾತು. ಇ20 ಪೆಟ್ರೋಲು, ಅಂದ್ರೆ 20 ಶೇಕಡಾ ಎಥನಾಲ್ ಬೆರೆಸಿದ್ದು. ನಿಮ್ಮ ಝೆನ್ ಹುಟ್ಟಿದಾಗ ಬಂಕಲ್ಲಿ ಎಥನಾಲ್ ಇರ್ಲಿಲ್ಲ. ಹಳೇ ರಬ್ಬರ್ ಹೋಸು, ಫ್ಯೂಯಲ್ ಪಂಪಿನ ಡಯಾಫ್ರಂ, ಕಾರ್ಬ್ಯುರೇಟರ್ ಗ್ಯಾಸ್ಕೆಟ್ಟು ಎಲ್ಲ ಎಥನಾಲಿಗೆ ಉಬ್ಬುತ್ತೆ, ಇಲ್ಲಾ ಗಟ್ಟಿಯಾಗಿ ಬಿರುಕು ಬಿಡುತ್ತೆ. ಹೊಸ ಕಾರಲ್ಲಿ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಬಿಟ್ಟು ಸರಿದೂಗಿಸುತ್ತೆ. ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಪೆಟ್ರೋಲ್ ಬರೋ ಜೆಟ್ಟಿನ ತೂತು ಎಷ್ಟೋ ಅಷ್ಟೇ. ಮಿಶ್ರಣ ತೆಳುವಾಗಿ ಬೆಳಗ್ಗೆ ಸ್ಟಾರ್ಟಿಂಗ್ ತೊಂದರೆ, ಘಾಟಿ ಹತ್ತುವಾಗ ಎಳೆತ ಕಡಿಮೆ.

ಹೆದರಬೇಡಿ, ಇದು ಸಾವಿರಗಳ ಕೆಲಸ, ಲಕ್ಷಗಳದ್ದಲ್ಲ. ಎಥನಾಲ್ ತಡ್ಕೊಳ್ಳೋ ಹೋಸು ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಟ್ಯಾಂಕಿಂದ ಕಾರ್ಬ್ಯುರೇಟರ್‌ವರೆಗೂ, ರಿಟರ್ನ್ ಲೈನ್ ಸೇರಿಸಿ ಹಾಕಿಸಿ. ಎಲ್ಲರೂ ಬಾನೆಟ್ ಕೆಳಗಿನದ್ದಷ್ಟೇ ಬದಲಿಸ್ತಾರೆ. ಬಿರುಕು ಬಿಡೋದು ಟ್ಯಾಂಕಿನ ಮೇಲಿರೋ, ಕಣ್ಣಿಗೆ ಕಾಣದ ಗೇಣುದ್ದದ ತುಂಡು. ಪೆಟ್ರೋಲ್ ವಾಸನೆ ಹಿಂದಿನ ಸೀಟಲ್ಲಿ ಬರ್ತಿದ್ರೆ ಅದೇ.

ಕುಡ್ಲದ_ಡ್ರೈವರ್

ಚಾರ್ಮಾಡಿ ಅಂತ ಹೇಳಿದ್ರಲ್ಲ, ಅದಕ್ಕೆ ಬರೆಯುವುದು. ನಾನು ಆ ರಸ್ತೆಯಲ್ಲಿ ವಾರಕ್ಕೊಮ್ಮೆಯಾದರೂ ಹೋಗುವವ.

ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿಂದು ಇಳಿಲಿಕ್ಕೆ ಶುರು ಮಾಡಿದ್ರೆ ಮಳೆಗಾಲದಲ್ಲಿ ಮಂಜಿಗೆ ಬಾನೆಟ್ಟಿನ ತುದಿ ಕಾಣುವುದಿಲ್ಲ ಮಾರಾಯ್ರೆ. 2019ರ ಮಳೆಗೆ ಗುಡ್ಡ ಜರಿದ ಮೇಲೆ ಕೆಲವು ಕಡೆ ರಸ್ತೆಯ ಅಂಚು ಇನ್ನೂ ನಂಬುವ ಹಾಗಿಲ್ಲ. ತಿರುವಿನಲ್ಲಿ ಎದುರಿಂದ ಕೆಎಸ್ಸಾರ್ಟಿಸಿ ಬಸ್ ಬಂದರೆ ಒಂದೊಂದು ಗೇಣಿಗೂ ಬೆಲೆ ಉಂಟು. ಝೆನ್ ಅಗಲ 1,495 ಮಿಲಿಮೀಟರ್, ಕ್ಯಾಮ್ರಿ 1,840. ಒಂದು ಅಡಿಗಿಂತ ಜಾಸ್ತಿ ವ್ಯತ್ಯಾಸ. ಉದ್ದದಲ್ಲಿ ಝೆನ್ ಮೂರೂವರೆ ಮೀಟರ್, ಕ್ಯಾಮ್ರಿ ಹೆಚ್ಚುಕಮ್ಮಿ ಐದು. ನೀವು ಝೆನ್‌ನಲ್ಲಿ ಚರಂಡಿ ಬದಿಗೆ ಸರಿದು ನಿಂತು ಬಸ್ಸಿಗೆ ದಾರಿ ಬಿಡಬಹುದು. ಕ್ಯಾಮ್ರಿಯಲ್ಲಿ ರಿವರ್ಸ್ ಹೋಗ್ಬೇಕಾಗ್ತದೆ, ಹಿಂದೆ ಹತ್ತು ಗಾಡಿ ಹಾರ್ನ್ ಹೊಡೀತಾ ಇರ್ತದೆ.

ಇನ್ನೊಂದು ವಿಷಯ. ಹೈಬ್ರಿಡ್ ಕಾರಿನಲ್ಲಿ ಘಾಟಿ ಇಳಿಯುವಾಗ ಬ್ಯಾಟರಿ ಅರ್ಧ ದಾರಿಯಲ್ಲೇ ತುಂಬಿಬಿಡ್ತದೆ. ಆಮೇಲೆ ಎಂಜಿನ್ ತನ್ನಷ್ಟಕ್ಕೆ ಗುಂಯ್ ಅಂತ ಜೋರಾಗಿ ತಿರುಗಲಿಕ್ಕೆ ಶುರು. ಮೊದಲ ಸಲ ಕೇಳಿದವರು ಎಂತದೋ ಹಾಳಾಯಿತು ಅಂತ ಗಾಡಿ ನಿಲ್ಲಿಸ್ತಾರೆ. ಹಾಳಾದದ್ದಲ್ಲ, ತುಂಬಿದ ಬ್ಯಾಟರಿಗೆ ಇನ್ನು ಜಾಗ ಇಲ್ಲ, ಅದಕ್ಕೆ ಎಂಜಿನ್ನನ್ನೇ ಬ್ರೇಕ್ ಮಾಡುವುದು. ಬೇರೆ ಕಾರಲ್ಲಿ ನಾವು ಸೆಕೆಂಡ್ ಗೇರ್ ಹಾಕಿ ಇಳಿಯುತ್ತೇವಲ್ಲ, ಅದೇ ಕೆಲಸ.

ತುಕ್ಕು ಬಗ್ಗೆ: ಧರ್ಮಸ್ಥಳದಿಂದ ಮುಂದೆ ಸಮುದ್ರದ ಬದಿಗೆ ಝೆನ್ ತರ್ಲೇಬೇಡಿ. ಉಪ್ಪುಗಾಳಿಗೆ ಹಳೆ ತಗಡು ಬಿಸ್ಕತ್ತಿನ ಹಾಗೆ ಮುರೀತದೆ. ಫ್ಲೋರ್ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ಟಕ್ ಟಕ್ ಅಂತ ಬಡಿದು ನೋಡಿ. ಶಬ್ದ ಮಂದ ಬಂದ ಕಡೆ ಬಣ್ಣದ ಅಡಿಯಲ್ಲಿ ತಗಡೇ ಇರುವುದಿಲ್ಲ. ಬ್ಯಾಟರಿ ಕೂರುವ ತಟ್ಟೆ, ಜಾಕ್ ಕೊಡುವ ಜಾಗ, ಇವೆರಡನ್ನು ಬಿಡ್ಬೇಡಿ.

ಕಾಫಿ_ಸೀಮೆ

ಕುಡ್ಲದವರೇ, ಮಂಜಿನ ಮಾತು ನೂರಕ್ಕೆ ನೂರು. ತೋಟದ ರಸ್ತೆ ಇನ್ನೂ ಕಿರಿದು. ಎರಡೂ ಕಡೆ ಕಾಫಿ ಗಿಡ ಒಳಗೆ ಚಾಚಿರುತ್ತೆ, ಕೊಯ್ಲಿನ ಟೈಮಲ್ಲಿ ಎದುರಿಂದ ಪಿಕಪ್ ಬಂದ್ರೆ ಯಾರಾದ್ರೊಬ್ಬರು ಗೇಟಿನ ತನಕ ಹಿಂದಕ್ಕೆ ಹೋಗ್ಬೇಕು. ಅಲ್ಲಿ ಕ್ಯಾಮ್ರಿ ಪೇಂಟು ಒಂದು ಸೀಸನ್ ಬರಲ್ಲ.

ಆದ್ರೆ ಬೆಂಗಳೂರು–ಹಾಸನ ದಾರಿ? ಅದೇ ನನ್ನ ನಿಜವಾದ ಭಯ.

ಧಾರವಾಡದಾಂವ

ಊಟಾ ಆತು. ಭಯ ಅಂದ್ರಲಾ, ಅಲ್ಲಿಂದನ ಶುರು ಮಾಡ್ತೀನಿ.

ನಾಲ್ಕು ಲೇನಿನ ಹೈವೇದಾಗ ಝೆನ್ ತಗೊಂಡು ಹೊಂಟ್ರ ನೀವು ಎಂಬತ್ತಕ್ಕ ಹೋಗ್ತೀರಿ, ಬಾಜೂಕ ಲಾರಿ ಎಂಬತ್ತೈದಕ್ಕ ಹೋಗ್ತೈತಿ. ಅದು ಹಾದು ಹೋಗುವಾಗ ಗಾಳಿ ಹೊಡದು ಸಣ್ಣ ಗಾಡಿ ಒಂದು ಮೊಳ ಸರದಂಗ ಆಗ್ತೈತಿ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮಳ್ಯಾಗ ಗಟ್ಟಿ ಬ್ರೇಕ್ ಹೊಡದ್ರ ಚಕ್ರ ಲಾಕ್ ಆಗಿ ಗಾಡಿ ಎತ್ತಾಗ ಹೋಗ್ತೈತೋ ಆ ಶಿವಗ ಗೊತ್ತು.

ಕ್ಯಾಮ್ರಿದಾಗ 9 ಏರ್‌ಬ್ಯಾಗ್ ಅದಾವು. ಸ್ಟೆಬಿಲಿಟಿ ಕಂಟ್ರೋಲ್ ಐತಿ. ಹೆಂಡ್ತಿ, ಮಗಳು, ವಯಸ್ಸಾದ ತಂದಿ-ತಾಯಿ ಕೂಡಸ್ಕೊಂಡು ಹೋಗೂ ಗಾಡಿ ಯಾವುದು ಅಂತ ನಾ ಮತ್ತ ಹೇಳಬೇಕೇನ್ರಿ?

ಈಗ ಕ್ಯಾಮ್ರಿಗೂ ಬೈತೀನಿ. ನಮ್ಮ ಕಡೆ ಹಳ್ಳಿ ಹಂಪ್ ನೋಡೀರೇನು? ಯಾರ ಮನಿ ಮುಂದ ಅಪಘಾತ ಆಗಿರ್ತೈತಿ, ಅವರ ಸಿಟ್ಟಿನಷ್ಟು ಎತ್ತರ ಇರ್ತೈತಿ. ಕ್ಯಾಮ್ರಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 2,825 ಮಿಲಿಮೀಟರ್ ಅಂತರ. ಹಿಂದ ಮೂರು ಮಂದಿ ಕುಂತು ಡಿಕ್ಕಿ ತುಂಬಿತ್ತಂದ್ರ ಹೊಟ್ಟಿ ಉಜ್ಜೂದ. ಹಂಪಿಗೆ ಓರೆ ಬಿಟ್ಟು ಒಂದೊಂದ ಚಕ್ರ ದಾಟಸಬೇಕು. ಹಿಂದಿನವ ಹಾರ್ನ್ ಹೊಡದ್ರ ಹೊಡೀಲಿ. ಝೆನ್‌ಗೆ ಈ ತ್ರಾಸ ಇಲ್ಲ, ಗಿಡ್ಡ ಗಾಡಿ, ಜಿಗದು ಹೋಗ್ತೈತಿ.

ಜೆಸಿರೋಡ್_ಗಿರಾಕಿ

ಧಾರವಾಡದ ಅಣ್ಣ, ಏರ್‌ಬ್ಯಾಗ್ ಇಲ್ಲದ ಕಾರಲ್ಲೇ ನಾವೆಲ್ಲ ದೊಡ್ಡವರಾಗಿದ್ದು. ಓಡಿಸೋನು ಸರಿ ಇದ್ರೆ ಯಾವ ಕಾರಾದ್ರೂ ಸೇಫು.

ಪಿಸ್ಟನ್_ಮೇಡಂ

ಈ ಮಾತನ್ನ ನಾನು ಒಪ್ಪಲ್ಲ. ನೀವು ಸರಿಯಾಗೇ ಓಡಿಸ್ತೀರಿ. ಎದುರಿನ ಲೇನಿಂದ ಡಿವೈಡರ್ ಹಾರಿ ಬರೋನು?

2014ರಲ್ಲಿ ಕಾರುಗಳನ್ನ ಗುದ್ದಿಸಿ ಸುರಕ್ಷತೆ ಪರೀಕ್ಷಿಸೋ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ನಮ್ಮಲ್ಲಿ ಚೆನ್ನಾಗಿ ಮಾರಾಟ ಆಗ್ತಿದ್ದ ಐದು ಸಣ್ಣ ಕಾರುಗಳನ್ನ, ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನ, ಗಂಟೆಗೆ 64 ಕಿಮೀ ವೇಗದಲ್ಲಿ ಗುದ್ದಿಸಿ ನೋಡಿದ್ರು. ದೊಡ್ಡವರ ರಕ್ಷಣೆಗೆ ಐದಕ್ಕೂ ಸಿಕ್ಕಿದ್ದು ಸೊನ್ನೆ ಸ್ಟಾರ್. ಝೆನ್ ಅವಕ್ಕಿಂತ ಹಳೇ ಕಾಲದ ವಿನ್ಯಾಸ. ಅದೂ ಫ್ಲೋರ್ ತುಕ್ಕು ಹಿಡಿದಿದೆ ಅಂತ ಅವರೇ ಬರೆದಿದ್ದಾರೆ. ಗುದ್ದಿದಾಗ ಪೆಟ್ಟನ್ನ ಹಿಂದಕ್ಕೆ ಹಂಚಬೇಕಾದ್ದೇ ಆ ಫ್ಲೋರು, ಬಾಗಿಲ ಕೆಳಗಿನ ಆ ಸಿಲ್ಲು. ತುಕ್ಕು ಹಿಡಿದ ಕಡೆ ಪೆಟ್ಟು ನಿಲ್ಲಲ್ಲ, ಒಳಗೆ ಬರುತ್ತೆ.

ಮಗಳಿಗೆ ಕಲಿಸೋ ವಿಷಯಕ್ಕೂ ಇದನ್ನೇ ಹೇಳ್ತೀನಿ. ತೋಟದೊಳಗೆ, ಖಾಲಿ ಮೈದಾನದಲ್ಲಿ ಝೆನ್‌ನಲ್ಲಿ ಕಲಿಸಿ. ಹಾಫ್ ಕ್ಲಚ್, ಏರಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು ಗಾಡಿ ಎತ್ತೋದು, ಇವನ್ನೆಲ್ಲ ಕ್ಯಾಮ್ರಿ ಕಲಿಸೋದೇ ಇಲ್ಲ, ಅದರಲ್ಲಿ ಕ್ಲಚ್ಚೇ ಇಲ್ಲ. ಹೈವೇಗೆ ಮಾತ್ರ ಝೆನ್ ಕೊಟ್ಟು ಕಳಿಸಬೇಡಿ.

ಜೆಸಿರೋಡ್_ಗಿರಾಕಿ

ಹೈವೇ ಬಗ್ಗೆ ಸುಮ್ನಾಗ್ತೀನಿ. ಗುಜರಿಗೆ ಹಾಕಿ ಅಂತ ಯಾರಾದ್ರೂ ಬರೆದ್ರೆ ಮತ್ತೆ ಬರ್ತೀನಿ.

ಡಲ್ಲಾಸ್_ಕನ್ನಡಿಗ

ಇಲ್ಲಿಂದ ಓದ್ತಾ ನಗು ಬಂತು. "ಎಕ್ಸಿಕ್ಯುಟಿವ್ ಸೆಡಾನ್" ಅಂತ ನೀವು ಮರ್ಯಾದೆ ಕೊಡ್ತಿರೋ ಕ್ಯಾಮ್ರಿ ಇಲ್ಲಿ ಬಾಡಿಗೆ ಗಾಡಿ. ಹೊಸದಾಗಿ ಬಂದ ಸಾಫ್ಟ್‌ವೇರ್ ಹುಡುಗರು ಮೊದಲು ತಗೊಳ್ಳೋ ಸೆಕೆಂಡ್ ಹ್ಯಾಂಡ್ ಕಾರು, ಏರ್‌ಪೋರ್ಟ್ ಟ್ಯಾಕ್ಸಿ, ಎಲ್ಲ ಅದೇ. 1988ರಿಂದ ಕೆಂಟಕಿಯ ಜಾರ್ಜ್‌ಟೌನ್‌ನಲ್ಲಿ ತಯಾರಾಗುತ್ತೆ. 2025ರ ಮಾಡೆಲ್‌ನಿಂದ ಇಲ್ಲಿ ಬರೀ ಪೆಟ್ರೋಲ್ ಕ್ಯಾಮ್ರಿ ಸಿಗೋದೇ ಇಲ್ಲ, ಎಲ್ಲ ಹೈಬ್ರಿಡ್ಡೇ.

ಅದರಿಂದ ನಿಮಗೇನು ಉಪಯೋಗ ಅಂದ್ರೆ, ಈ ಹೈಬ್ರಿಡ್ ಪದ್ಧತಿ ಎಷ್ಟು ದಿನ ಬರುತ್ತೆ ಅಂತ ಇಲ್ಲಿನ ಟ್ಯಾಕ್ಸಿಗಳೇ ತೋರಿಸಿಬಿಟ್ಟಿವೆ. ಒಳಗೆ ಗೇರ್ ಬದಲಾಗೋ ಬಾಕ್ಸೇ ಇಲ್ಲ. ಒಂದು ಪ್ಲಾನೆಟರಿ ಗೇರ್ ಸೆಟ್ಟು (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳಿರೋ ಜೋಡಣೆ), ಎರಡು ಮೋಟಾರು. ಬೆಲ್ಟ್ ಸಿವಿಟಿ (ಬೆಲ್ಟಲ್ಲಿ ಓಡೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಥರ ಜಾರೋಕೆ ಬೆಲ್ಟಿಲ್ಲ. ಸ್ಟಾರ್ಟರ್ ಮೋಟಾರಿಲ್ಲ, ಆಲ್ಟರ್ನೇಟರಿಲ್ಲ. ಇಲ್ಲದ ಸಾಮಾನು ಕೆಡಲ್ಲ. ಬ್ರೇಕ್ ಪ್ಯಾಡ್ ಅಂತೂ ಬದಲಿಸೋ ನೆನಪೇ ಬರಲ್ಲ.

ನಿಮ್ಮಲ್ಲಿ ಅದು ಸಾಹೇಬರ ಕಾರು ಆಗಿರೋದು ತೆರಿಗೆಯಿಂದ. ಕಾರಿನ ಗುಣದಿಂದಲ್ಲ.

ಕಾಫಿ_ಸೀಮೆ

ತೆರಿಗೆ ಮಾತು ಬಂತು, ಹೊಸ ಕ್ಯಾಮ್ರಿ ಯಾಕೆ ನೋಡ್ಲಿಲ್ಲ ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ರು. ಬಿಡದಿಯಲ್ಲೇ ಜೋಡಿಸೋ ಗಾಡಿ, ನಮ್ಮ ಮನೆಯಿಂದ ಒಂದೂವರೆ ಗಂಟೆ ದಾರಿ. ಡಿಸೆಂಬರ್ 2024ರಲ್ಲಿ ಬಂದ ಹೊಸ ಮಾಡೆಲ್ 48 ಲಕ್ಷ ಎಕ್ಸ್‌ಶೋರೂಂ ಇತ್ತು. ಕರ್ನಾಟಕದಲ್ಲಿ 20 ಲಕ್ಷ ಮೇಲಿನ ಕಾರಿಗೆ ಜೀವಾವಧಿ ತೆರಿಗೆ 18 ಶೇಕಡಾ, ಅದೇ 8.64 ಲಕ್ಷ ಆಯ್ತು, ಅದರ ಮೇಲೆ ಸೆಸ್ಸು. ರಸ್ತೆಗೆ ಇಳಿಸೋ ಮೊದಲೇ ಒಂದು ಹ್ಯಾಚ್‌ಬ್ಯಾಕ್ ದುಡ್ಡು ಆರ್‌ಟಿಓಗೆ. ಉತ್ತರ ಪ್ರದೇಶದಲ್ಲಿ 2024ರಲ್ಲಿ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಬಿಟ್ಟರು, ನಮ್ಮಲ್ಲಿ ಅಂಥದ್ದೇನಿಲ್ಲ. ಸೆಕೆಂಡ್ ಹ್ಯಾಂಡಲ್ಲಿ ಆ ಭಾರ ಮೊದಲ ಓನರ್ ಹೊತ್ತಾಗಿದೆ. ಇಲ್ಲೇ ನೋಂದಣಿ ಆದ ಗಾಡಿ, ಹೆಸರು ಬದಲಾಯಿಸೋ ಖರ್ಚಷ್ಟೇ.

ಧಾರವಾಡದಾಂವ

ಝೆನ್ ಆರ್‌ಸಿ ರಿನ್ಯೂವಲ್ ಲೆಕ್ಕಾನೂ ಹಾಕ್ರಿ. ಮೊದಲ 600 ರೂಪಾಯಿ ಇತ್ತು. 2022ರಾಗ 5,000 ಮಾಡಿದ್ರು. 2025ರ ಆಗಸ್ಟ್‌ದಾಗ 20 ವರ್ಷ ದಾಟಿದ ಕಾರಿಗೆ 10,000 ಅಂದ್ರು. ಐದು ವರ್ಷಕ್ಕೊಮ್ಮೆ. ಮ್ಯಾಲ ಗ್ರೀನ್ ಟ್ಯಾಕ್ಸ್ ಬ್ಯಾರೆ. ದಿಲ್ಲಿಯೊಳಗಿನ 15 ವರ್ಷದ ಕಟ್ಟಳಿ ನಮ್ಮಲ್ಲಿಲ್ಲ, ಅದೊಂದ ಸಮಾಧಾನ.

ಜೆಸಿರೋಡ್_ಗಿರಾಕಿ

ಐದು ವರ್ಷಕ್ಕೆ ಹತ್ತು ಸಾವಿರ ಅಂದ್ರೆ ವರ್ಷಕ್ಕೆ ಎರಡು ಸಾವಿರ. ಇನ್ಶೂರೆನ್ಸ್ ನೋಡಿ: 1000 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ 2,094 ರೂ. ಝೆನ್ 993, ಏಳು ಸಿಸಿಯಲ್ಲಿ ಪಾರು. 1500 ಸಿಸಿ ಮೇಲೆ 7,897. ಕ್ಯಾಮ್ರಿಗೆ ಥರ್ಡ್ ಪಾರ್ಟಿ ಒಂದೇ ಸಾಲಲ್ಲ, ನಮ್ಮ ಗಾಡಿಗಾದ ನಷ್ಟಕ್ಕೆ ಓನ್ ಡ್ಯಾಮೇಜ್ ಹಾಕ್ಸಲೇಬೇಕು. ಹೆಡ್‌ಲೈಟ್ ಒಂದು ಒಡೆದ್ರೆ ಬರೋ ಬಿಲ್ಲಿಗೆ ಸುಸ್ಥಿತಿಯ ಝೆನ್ ಒಂದು ಬರುತ್ತೆ. ಉತ್ಪ್ರೇಕ್ಷೆ ಅಲ್ಲ ಗುರು, ಎಸ್ಟಿಮೇಟ್ ಕೇಳಿ ನೋಡಿ.

ಬಿಡಿಭಾಗದ ವಿಚಾರದಲ್ಲಿ ಎಂಜಿನ್ ಸಾಮಾನಿಗೆ ಚಿಂತೆ ಇಲ್ಲ. ಜೆ.ಸಿ. ರಸ್ತೆಯಲ್ಲಿ ಕ್ಲಚ್ ಪ್ಲೇಟು, ವಾಟರ್ ಪಂಪು, ಟೈಮಿಂಗ್ ಬೆಲ್ಟು ಸಿಗುತ್ತೆ. ಬೆಲ್ಟ್ ಬದಲಿಸಿದ್ದು ಯಾವಾಗ ಅಂತ ನೆನಪಿಲ್ಲದಿದ್ರೆ ಇವತ್ತೇ ಬದಲಿಸಿ. ಕಷ್ಟ ಆಗೋದು ರಬ್ಬರ್ ಬೀಡಿಂಗು, ಡೋರ್ ಹ್ಯಾಂಡಲ್, ಟೇಲ್ ಲೈಟ್ ಇಂಥವಕ್ಕೆ. ಶಿವಾಜಿನಗರದ ಗುಜರಿಯಲ್ಲಿ ಕಣ್ಣಿಗೆ ಬಿದ್ದಾಗ ಎತ್ತಿಟ್ಕೊಳ್ಳಿ, ಬೇಕಾದಾಗ ಹುಡುಕಿದ್ರೆ ಸಿಗಲ್ಲ.

ಕುಡ್ಲದ_ಡ್ರೈವರ್

ಹಾಗಾದ್ರೆ ಝೆನ್ ಮೂಡಿಗೆರೆಯಲ್ಲೇ ಇಡಿ ಅಲ್ವಾ? ತೋಟದ ಮನೆಯಲ್ಲಿ ಪಾರ್ಕಿಂಗಿಗೆ ಎಂತ ಬರಗಾಲ? ಬೆಂಗಳೂರಿಂದ ಕ್ಯಾಮ್ರಿಯಲ್ಲಿ ಮೂಡಿಗೆರೆ ಪೇಟೆಗೆ ಬನ್ನಿ, ಅದನ್ನು ಸಂಬಂಧಿಕರ ಮನೆಯಲ್ಲಿ ನಿಲ್ಲಿಸಿ, ಅಲ್ಲಿಂದ ಒಳಗೆ ಝೆನ್.

ಧರ್ಮಸ್ಥಳಕ್ಕೆ ಎಲ್ಲರೂ ಹೋಗುವಾಗ ಮಾತ್ರ ಕ್ಯಾಮ್ರಿಯೇ. ಬೆಳಗ್ಗೆ ಬೇಗ ಇಳಿದ್ರೆ ಬಸ್ಸಿನ ಕಾಟ ಕಡಿಮೆ. ಒಬ್ಬರೇ ಆದ್ರೆ ಝೆನ್‌ನಲ್ಲಿ ಹೋಗಿ, ಆ ಘಾಟಿಗೆ ಅದಕ್ಕಿಂತ ಮಜಾದ ಗಾಡಿ ಇಲ್ಲ. ಆದ್ರೆ ಬ್ರೇಕ್ ಫ್ಲೂಯಿಡ್ ಹಳೆಯದಾಗಿದ್ರೆ ಕೆಳಗೆ ಬರುವಷ್ಟರಲ್ಲಿ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗ್ತದೆ. ಮೊದಲು ಅದನ್ನು ಬದಲಿಸಿ.

ಕಾಫಿ_ಸೀಮೆ

ಅಪ್ಪನಿಗೆ ಫೋನ್ ಮಾಡಿ ಝೆನ್ ಊರಿಗೆ ತರ್ತೀನಿ ಅಂದೆ. "ಕಾರ್ ಶೆಡ್ಡಲ್ಲಿ ಗೊಬ್ಬರದ ಚೀಲ ಇದೆ, ತೆಗೆಸ್ತೀನಿ" ಅಂದ್ರು. ಅವರ ಬಾಯಲ್ಲಿ ಅಷ್ಟು ಬಂದ್ರೆ ಒಪ್ಪಿಗೆ ಅಂತಲೇ ಅರ್ಥ.

ಈಗ ಕ್ಯಾಮ್ರಿ ನೋಡೋಕೆ ಹೋಗ್ತೀನಿ. ಹೈಬ್ರಿಡ್ ತಗೊಳ್ಳೋವಾಗ ಏನೇನು ನೋಡಬೇಕು? ಸಾಮಾನ್ಯ ಚೆಕಿಂಗ್ ಗೊತ್ತು, ಬ್ಯಾಟರಿ ಕಡೆಯದ್ದು ಗೊತ್ತಿಲ್ಲ.

ಪಿಸ್ಟನ್_ಮೇಡಂ

ಮೊದಲು ಸರ್ವಿಸ್ ಹಿಸ್ಟರಿ, ಪೂರ್ತಿ. ಹೈಬ್ರಿಡ್ ಬ್ಯಾಟರಿಗೆ ಬೇರೆ ವಾರಂಟಿ ಇರುತ್ತೆ. 2019ರ ಈ ಗಾಡಿಗೆ ಅದು ಇನ್ನೂ ಇದೆಯಾ, ಮುಗಿದಿದೆಯಾ ಅಂತ ಕಂಪನಿಯವರ ಹತ್ರ ಕೇಳ್ಕೊಳ್ಳಿ. ಮುಗಿದಿದ್ರೆ, ಇಲ್ಲಾ ಹೆಚ್ಚು ದಿನ ಉಳಿದಿಲ್ಲದಿದ್ರೆ ಅದನ್ನ ಬೆಲೆ ಮಾತಾಡೋವಾಗ ಬಳಸಿ. ಕಂಪನಿ ವರ್ಕ್‌ಶಾಪಲ್ಲಿ ಬ್ಯಾಟರಿ ಹೆಲ್ತ್ ಚೆಕ್ ಮಾಡಿಸಿ ರಿಪೋರ್ಟ್ ತಗೊಳ್ಳದೆ ಅಡ್ವಾನ್ಸ್ ಕೊಡಬೇಡಿ.

ಈ ಮಾಡೆಲ್ಲಲ್ಲಿ ಬ್ಯಾಟರಿ ಇರೋದು ಹಿಂದಿನ ಸೀಟಿನ ಕೆಳಗೆ. ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, ಅದನ್ನ ತಂಪು ಮಾಡೋದು ಕ್ಯಾಬಿನ್ ಗಾಳಿ. ಸೀಟಿನ ಬದಿಯಲ್ಲಿ ಗಾಳಿ ಒಳಗೆ ಹೋಗೋ ಜಾಲರಿ ಇರುತ್ತೆ. ಅದರ ಮುಂದೆ ಬ್ಯಾಗು, ಬೆಡ್‌ಶೀಟು ಇಟ್ಟು ಮುಚ್ಚಿರ್ತಾರೆ. ನಾಯಿ ಸಾಕಿದವರ ಕಾರಾದ್ರೆ ಕೂದಲು ಗಂಟುಕಟ್ಟಿರುತ್ತೆ. ಟಾರ್ಚ್ ಬಿಟ್ಟು ನೋಡಿ. ಜಾಲರಿಯಲ್ಲಿ ಬೂದುಬಣ್ಣದ ಧೂಳು ಕಂಬಳಿ ಥರ ಕೂತಿದ್ರೆ ಬ್ಯಾಟರಿ ವರ್ಷಗಟ್ಟಲೆ ಬಿಸಿಯಲ್ಲೇ ದುಡಿದಿದೆ ಅಂತ ತಿಳ್ಕೊಳ್ಳಿ. ಸಾಹೇಬರು ಹಿಂದೆ ಕೂತು ಪೇಪರ್ ಓದ್ತಿದ್ರು ಅಂದ್ರಲ್ಲ, ಓದಿದ ಪೇಪರೆಲ್ಲ ಅಲ್ಲೇ ಬಿದ್ದಿರ್ತಾ ಇತ್ತಾ ಅಂತ ಡ್ರೈವರನ್ನ ಕೇಳಿ.

ಓಡಿಸಿ ನೋಡೋವಾಗ ಎಸಿ ಫುಲ್ ಇಟ್ಟು ಸಿಗ್ನಲ್ಲಲ್ಲಿ ನಿಲ್ಲಿ. ಎಂಜಿನ್ ಆಫ್ ಆಗಿ ತುಸು ಹೊತ್ತು ಹಾಗೇ ಇರಬೇಕು. ಅರ್ಧ ನಿಮಿಷಕ್ಕೊಮ್ಮೆ ಬ್ಯಾಟರಿ ಬಾರ್ ಸರ್ರನೆ ಇಳಿದು ಎಂಜಿನ್ ಎದ್ದು ಕೂರ್ತಿದ್ರೆ ಅನುಮಾನ ಪಡಿ. ನಿಂತ ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಮಾತ್ರ ಗಾಬರಿ ಬೇಡ, ನೂರಕ್ಕೆ ತೊಂಬತ್ತು ಸಲ ಅದು ಸಾದಾ 12 ವೋಲ್ಟ್ ಬ್ಯಾಟರಿ. ಸಿಸ್ಟಂ ಎಬ್ಬಿಸೋದೇ ಆ ಸಣ್ಣ ಬ್ಯಾಟರಿ.

ಇ20 ಬಗ್ಗೆ ಇದಕ್ಕೂ ಕೇಳ್ಕೊಳ್ಳಿ. ಇ20ಗೆ ತಕ್ಕ ಗಾಡಿಗಳು ಬರೋಕೆ ಶುರುವಾದ ಏಪ್ರಿಲ್ 2023ರ ಮೊದಲಿನ ಗಾಡಿ ಇದು. ಓನರ್ ಮ್ಯಾನ್ಯುಯಲ್ ತೆಗೆದು ಇಂಧನದ ಪುಟದಲ್ಲಿ ಏನಿದೆ ಓದಿ.

ಧಾರವಾಡದಾಂವ

ಟೆಸ್ಟ್ ಡ್ರೈವ್‌ಗೆ ನಾಲ್ಕು ಮಂದಿ ಕೂಡಸ್ಕೊಂಡು ಹೋಗ್ರಿ, ಒಬ್ಬಾಂವ ಹೋಗಬ್ಯಾಡ್ರಿ. ಹಂಪ್ ಮ್ಯಾಲ ಹಾಯಿಸಿ ಇಳದು ಬಗ್ಗಿ ಹೊಟ್ಟಿ ನೋಡ್ರಿ. ಹಳೆ ಗೀರು ಇದ್ರ ಇನ್ನೊಂದು ಹತ್ತು ಸಾವಿರ ಕಡಿಮಿ ಕೇಳಾಕ ನೆವ ಸಿಗ್ತೈತಿ.

ಡಲ್ಲಾಸ್_ಕನ್ನಡಿಗ

ಅಪಾರ್ಟ್‌ಮೆಂಟ್ ಪಾರ್ಕಿಂಗ್ ಅಳತೆ ತೆಗೆದ್ರಾ? 4,885 ಮಿಲಿಮೀಟರ್ ಉದ್ದ. ಬೆಂಗಳೂರಲ್ಲಿ ನಮ್ಮಣ್ಣನ ಬೇಸ್‌ಮೆಂಟಲ್ಲಿ ಕಂಬ ಹೇಗಿದೆ ಅಂದ್ರೆ, ದೊಡ್ಡ ಕಾರು ನಿಲ್ಲಿಸಬಹುದು, ಡೋರ್ ತೆಗೆಯೋಕಾಗಲ್ಲ.

ಕಾಫಿ_ಸೀಮೆ

ಇಲ್ಲೂ ಕಂಬ ಇದೆ. ಈಗಷ್ಟೇ ಟೇಪ್ ಹಿಡಿದು ಬಂದೆ. ಉದ್ದಕ್ಕೆ ತೊಂದರೆ ಇಲ್ಲ. ಡ್ರೈವರ್ ಕಡೆ ಡೋರ್ ಅರ್ಧ ತೆರೆಯುತ್ತೆ, ಪಕ್ಕದವರ ಸ್ಕೂಟರ್ ಒಂದಡಿ ಸರಿದ್ರೆ ಪೂರ್ತಿ. ಸ್ಕೂಟರ್‌ನವರ ಹತ್ರ ಮಾತಾಡಿ ಆಮೇಲೆ ಗಾಡಿ ನೋಡೋಕೆ ಹೋಗ್ತೀನಿ.

ಜೆಸಿರೋಡ್ ಸರ್, ಹೋಸ್ ಎಷ್ಟು ಮೀಟರ್ ಬೇಕಾಗುತ್ತೆ ಅಂತ ಹೇಳಿಬಿಡಿ. ಊರಿಗೆ ಓಡಿಸ್ಕೊಂಡು ಹೋಗೋ ಮೊದಲೇ ಹಾಕಿಸ್ತೀನಿ.

ಜೆಸಿರೋಡ್_ಗಿರಾಕಿ

ಮಧ್ಯೆ ಉದ್ದಕ್ಕೂ ಇರೋದು ಲೋಹದ ಪೈಪು, ರಬ್ಬರ್ ಎರಡು ತುದಿಗೆ ಮಾತ್ರ. ಮೂರು ಮೀಟರ್ ತಗೊಳ್ಳಿ, ಮಿಗುತ್ತೆ. ಜೊತೆಗೆ ಹೊಸ ಕ್ಲಿಪ್ಪು. ಹಳೇ ಕ್ಲಿಪ್ ಮತ್ತೆ ಹಾಕೋಕೆ ಮೆಕ್ಯಾನಿಕ್ಕಿಗೆ ಬಿಡಬೇಡಿ. ಟ್ಯಾಂಕ್ ಇಳಿಸೋ ದಿನ ಪೆಟ್ರೋಲ್ ಕಡಿಮೆ ಇಟ್ಕೊಂಡು ಹೋಗಿ.